ಸ್ವರ ಒಡೆಯುವ ಸ್ಪ್ಯಾನಿಷ್ ಕ್ರಿಯಾಪದಗಳಲ್ಲಿ 'ಮಾಡು', 'ಮಾಡಿ' ಅನ್ನುವುದು ಹೇಗೆ: ಸಮಗ್ರ ಮಾರ್ಗದರ್ಶಿ

'ಬಾಗಿಲು ಮುಚ್ಚು' ಅಂತ ಸ್ಪ್ಯಾನಿಷ್‌ನಲ್ಲಿ ಹೇಳಿ ಅಂದರೆ, ಹೊಸದಾಗಿ ಕಲಿಯುವವರು 'ಸೇರ್ರ ಲ ಪ್ವೇರ್ತ' ಅನ್ನುತ್ತಾರೆ. ತಪ್ಪು. 'ಸಿಯೇರ್ರ ಲ ಪ್ವೇರ್ತ' ಆಗಬೇಕು, ಅಂದರೆ 'ಎ' ಸ್ವರ ಒಡೆದು 'ಇಯೆ' ಆಗಬೇಕು. ತಿದ್ದಿದ ಮೇಲೆ ಅವರೇ ಇನ್ನೊಂದು ತುದಿಗೆ ಹೋಗುತ್ತಾರೆ. ಸಿಕ್ಕ ಕಡೆಯೆಲ್ಲ ಸ್ವರ ಒಡೆದು, 'ಮುಚ್ಚೋಣ' ಅನ್ನುವುದಕ್ಕೂ 'ಸಿಯೆರ್ರೇಮೊಸ್' ಅನ್ನುತ್ತಾರೆ. ಅದೂ ತಪ್ಪು.

ಈ ಎರಡು ತಪ್ಪನ್ನು ನಾನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಎರಡಕ್ಕೂ ಕಾರಣ ಒಂದೇ. ಪಟ್ಟಿ ಬಾಯಿಪಾಠ ಮಾಡುತ್ತಾರೆ, ಒತ್ತು ಎಲ್ಲಿ ಬೀಳುತ್ತದೆ ಅಂತ ಕಿವಿಗೊಟ್ಟು ಕೇಳುವುದಿಲ್ಲ. ಒತ್ತು ಧಾತುವಿನ ಸ್ವರದ ಮೇಲೆ ಬಿದ್ದರೆ ಸ್ವರ ಒಡೆಯುತ್ತದೆ. ಒತ್ತು ಮುಂದೆ ಪ್ರತ್ಯಯಕ್ಕೆ ಜಾರಿದರೆ ಸ್ವರ ಹಾಗೇ ಉಳಿಯುತ್ತದೆ. ಕೆಳಗಿನ ಹಂತಗಳೆಲ್ಲ ಈ ಮಾತಿನ ಮೇಲೇ ನಿಂತಿವೆ.

ಇದು ನಮಗೆ ತೀರಾ ಹೊಸತೂ ಅಲ್ಲ. 'ಬರು' ಅನ್ನುವ ಧಾತು ಆಜ್ಞೆಯಲ್ಲಿ 'ಬಾ' ಆಗುತ್ತದೆ, 'ಬನ್ನಿ' ಆಗುತ್ತದೆ. ಆದರೆ 'ಬರೋಣ' ಅನ್ನುವಾಗ ಮೂಲ ರೂಪ ವಾಪಸ್ ಬರುತ್ತದೆ, ಅಲ್ವಾ? ಸ್ಪ್ಯಾನಿಷ್‌ನಲ್ಲೂ ಹೆಚ್ಚುಕಡಿಮೆ ಹಾಗೇ.

## ಶುರು ಮಾಡುವ ಮುಂಚೆ

ಮೂರು ಸಾಮಾನು ಹತ್ತಿರ ಇಟ್ಟುಕೊಳ್ಳಿ. ಒಂದು ಒಳ್ಳೆಯ ನಿಘಂಟು, ಒಂದು ನೋಟ್‌ಬುಕ್, ದನಿ ರೆಕಾರ್ಡ್ ಮಾಡುವ ಫೋನ್. ರೆಕಾರ್ಡ್ ಮಾಡುವುದನ್ನು ಬಿಡಬೇಡಿ. ಒತ್ತಿನ ತಪ್ಪು ಹೇಳುವಾಗ ನಮಗೇ ಕೇಳಿಸುವುದಿಲ್ಲ, ಮತ್ತೆ ಹಾಕಿ ಕೇಳಿದಾಗ ಗೊತ್ತಾಗುತ್ತದೆ.

ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಓದುವಾಗ ಇಷ್ಟು ನೆನಪಿರಲಿ:

- ದೀರ್ಘ ಇರುವ ಕಡೆ ಒತ್ತು. ಕನ್ನಡದ ದೀರ್ಘದಷ್ಟು ಎಳೆಯಬೇಡಿ, ದನಿ ಗಟ್ಟಿ ಮಾಡಿದರೆ ಸಾಕು.
- ಬಿ, ವಿ ಎರಡೂ ಅಕ್ಷರಕ್ಕೆ 'ಬ' ಬರೆದಿದ್ದೇನೆ. ಸ್ಪ್ಯಾನಿಷ್‌ನಲ್ಲಿ ಎರಡರ ದನಿಯೂ ಒಂದೇ.
- ಝೆಡ್ ಬರುವ ಕಡೆ, ಎ ಅಥವಾ ಇ ಹಿಂದೆ ಸಿ ಬರುವ ಕಡೆ ಲ್ಯಾಟಿನ್ ಅಮೆರಿಕದ 'ಸ' ಇಟ್ಟಿದ್ದೇನೆ. ಸ್ಪೇನ್‌ನ ಹೆಚ್ಚಿನ ಭಾಗದಲ್ಲಿ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಆ ದನಿ ಹೊರಡಿಸುತ್ತಾರೆ.

ಒಂದು ಅನುಕೂಲ ನಮಗೆ ಹುಟ್ಟಿನಿಂದಲೇ ಇದೆ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದ ಹಾಗೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷ್ ಅಭ್ಯಾಸದಲ್ಲಿ 'ಕ್ವೇಂಟ' ಅನ್ನಬೇಡಿ, 'ಕ್ವೇಂತ' ಅನ್ನಿ.

## ಹಂತ 1: ಕ್ರಿಯಾಪದ ಯಾವ ಗುಂಪಿನದು ಅಂತ ನೋಡಿ

ಆಜ್ಞೆಯ ರೂಪಕ್ಕೆ ಕೈ ಹಾಕುವ ಮೊದಲು ಇದು ಆಗಬೇಕು. ಸ್ವರ ಬದಲಾಗುವ ಕ್ರಿಯಾಪದಗಳಲ್ಲಿ ಮುಖ್ಯವಾಗಿ ಮೂರು ಗುಂಪು.

ಎ ಒಡೆದು ಇಯೆ ಆಗುವುದು: ಸೆರ್ರಾರ್ (ಮುಚ್ಚು), ಪೆನ್ಸಾರ್ (ಯೋಚಿಸು), ಎಂಪೆಸಾರ್ (ಶುರು ಮಾಡು), ದೆಸ್ಪೆರ್ತಾರ್ (ಎಬ್ಬಿಸು).

ಒ ಒಡೆದು ಉಎ ಆಗುವುದು: ಕೊಂತಾರ್ (ಎಣಿಸು, ಕಥೆ ಹೇಳು), ಬೊಲ್ಬೇರ್ (ವಾಪಸ್ ಬಾ), ಮೊಸ್ತ್ರಾರ್ (ತೋರಿಸು), ದೊರ್ಮೀರ್ (ಮಲಗು). ಹುಗಾರ್ (ಆಡು) ಕೂಡ ಇಲ್ಲೇ ಸೇರುತ್ತದೆ. ಅದರಲ್ಲಿ ಒಡೆಯುವುದು ಉ, ಆದರೆ ಫಲ ಅದೇ ಉಎ.

ಎ ಜಾರಿ ಇ ಆಗುವುದು: ಪೆದೀರ್ (ಬೇಕು ಅಂತ ಕೇಳು), ಸೆರ್ಬೀರ್ (ಬಡಿಸು), ರೆಪೆತೀರ್ (ಇನ್ನೊಮ್ಮೆ ಹೇಳು), ಸೆಗೀರ್ (ಮುಂದುವರಿ, ಹಿಂಬಾಲಿಸು). ಈ ಗುಂಪಿನಲ್ಲಿರುವುದೆಲ್ಲ 'ಈರ್' ಕೊನೆಯ ಪದಗಳೇ.

ಪದ ನೋಡಿ ಗುಂಪು ಊಹಿಸಲು ಹೋಗಬೇಡಿ. ಕೊಂತಾರ್ ಒಡೆಯುತ್ತದೆ. ಒಂದೇ ಅಕ್ಷರ ಬೇರೆ ಇರುವ ಕೊರ್ತಾರ್ (ಕತ್ತರಿಸು) ಒಡೆಯುವುದಿಲ್ಲ, ಅದು 'ಕೋರ್ತ' ಅಷ್ಟೇ. ಎಸ್ಪೆರಾರ್ (ಕಾಯು) ಕೂಡ ಒಡೆಯದೆ 'ಎಸ್ಪೇರ' ಆಗುತ್ತದೆ. ನಿಘಂಟಿನಲ್ಲಿ ಮೂಲ ಪದದ ಪಕ್ಕ ಕಂಸದೊಳಗೆ ಇಯೆ, ಉಎ ಅಥವಾ ಇ ಅಂತ ಗುರುತು ಇರುತ್ತದೆ. ಅದನ್ನು ನೋಡಿ, ನೋಟ್‌ಬುಕ್‌ನಲ್ಲಿ ಪದದ ಜೊತೆಗೇ ಬರೆದುಕೊಳ್ಳಿ.

ಇನ್ನೊಂದು ಮಾತು. ಬದಲಾಗುವುದು ಧಾತುವಿನ ಕೊನೆಯ ಸ್ವರ. ಎಂಪೆಸಾರ್‌ನಲ್ಲಿ ಎರಡು ಎ ಇವೆ, ಒಡೆಯುವುದು ಎರಡನೆಯದು: ಎಂಪಿಯೇಸ. ರೆಪೆತೀರ್‌ನಲ್ಲೂ ಹಾಗೇ: ರೆಪೀತೆ.

## ಹಂತ 2: ಯಾರಿಗೆ ಹೇಳುತ್ತಿದ್ದೀರಿ?

ಕನ್ನಡಿಗರು ಜಾಸ್ತಿ ಎಡವುವ ಜಾಗ ಇದು. ನಮಗೆ 'ನೀವು' ಒಂದೇ ಸಾಕು. ಒಬ್ಬ ಹಿರಿಯರಿಗೂ 'ಮುಚ್ಚಿ', ಹತ್ತು ಜನಕ್ಕೂ 'ಮುಚ್ಚಿ'. ಸ್ಪ್ಯಾನಿಷ್ ಇದನ್ನು ಬೇರೆ ಬೇರೆ ಮಾಡುತ್ತದೆ.

- ತೂ: ನೀನು.
- ಉಸ್ತೇದ್: ಮರ್ಯಾದೆಯ ನೀವು, ಒಬ್ಬರಿಗೆ ಮಾತ್ರ.
- ಉಸ್ತೇದೆಸ್: ಒಬ್ಬರಿಗಿಂತ ಹೆಚ್ಚು ಜನ. ಲ್ಯಾಟಿನ್ ಅಮೆರಿಕದಲ್ಲಿ ಗೆಳೆಯರ ಗುಂಪಿಗೂ ಇದೇ.
- ಬೊಸೋತ್ರೊಸ್: ಸ್ಪೇನ್‌ನಲ್ಲಿ ಸಲುಗೆಯ ಬಹುವಚನ.
- ಬೋಸ್: ಅರ್ಜೆಂಟೀನಾ, ಉರುಗ್ವೆ, ಮಧ್ಯ ಅಮೆರಿಕದ ಹಲವು ಕಡೆ 'ನೀನು' ಅನ್ನುವುದಕ್ಕೆ ತೂ ಬದಲು ಬಳಸುವುದು.
- ನೊಸೋತ್ರೊಸ್: ನಾವು. 'ಮುಚ್ಚೋಣ' ಅನ್ನುವಾಗ.

ಒಬ್ಬರೇ ಹಿರಿಯರು ಎದುರಿಗಿದ್ದಾಗ ಮರ್ಯಾದೆಗೆ ಅಂತ ಉಸ್ತೇದೆಸ್ ರೂಪ ಹೇಳಿದರೆ, ಅವರು 'ಇನ್ಯಾರಿದ್ದಾರೆ?' ಅಂತ ಹಿಂದೆ ತಿರುಗಿ ನೋಡಬೇಕಾಗುತ್ತದೆ. ಒಬ್ಬರು ಅಂದರೆ ಉಸ್ತೇದ್.

ಮೊದಲು ತೂ, ಉಸ್ತೇದ್, ಉಸ್ತೇದೆಸ್ ಮೂರನ್ನೇ ಕಲಿಯಿರಿ. ಮೂರರಲ್ಲೂ ಒತ್ತು ಧಾತುವಿನ ಮೇಲೇ ಬೀಳುತ್ತದೆ. ಹಾಗಾಗಿ ಮೂರರಲ್ಲೂ ಸ್ವರ ಬದಲಾಗುತ್ತದೆ. ಉಳಿದದ್ದು ಆಮೇಲೆ.

## ಹಂತ 3: ತೂ ರೂಪ

ವರ್ತಮಾನ ಕಾಲದ 'ಅವನು/ಅವಳು' ರೂಪ ತೆಗೆದುಕೊಳ್ಳಿ. ಅದೇ ಆಜ್ಞೆ. ಏನೂ ಸೇರಿಸಬೇಡಿ, ಏನೂ ತೆಗೆಯಬೇಡಿ.

'ಅವಳು ಮುಚ್ಚುತ್ತಾಳೆ' ಅಂದರೆ ಸಿಯೇರ್ರ. 'ಮುಚ್ಚು' ಅಂದರೂ ಸಿಯೇರ್ರ. ಉಳಿದವೂ ಹೀಗೇ: ಕ್ವೇಂತ, ಬ್ವೇಲ್ಬೆ, ದ್ವೇರ್ಮೆ, ಹ್ವೇಗ, ಪೀದೆ, ಸೀರ್ಬೆ, ರೆಪೀತೆ, ಸೀಗೆ.

ಇಲ್ಲಿ ಆಗುವ ದೊಡ್ಡ ತಪ್ಪು 'ನೀನು ಮುಚ್ಚುತ್ತೀಯ' ಅನ್ನುವ 'ಸಿಯೇರ್ರಸ್' ರೂಪವನ್ನೇ ಆಜ್ಞೆ ಅಂದುಕೊಳ್ಳುವುದು. ನಿಮ್ಮ ತೂ ಆಜ್ಞೆಯ ಕೊನೆಯಲ್ಲಿ 'ಸ್' ಕೇಳಿಸಿದರೆ ಅಲ್ಲೇ ನಿಲ್ಲಿ.

ಈ ದಾರಿಗೆ ಬಗ್ಗದ ಮೂರು ಪದಗಳಿವೆ. ವರ್ತಮಾನದಲ್ಲಿ ಸ್ವರ ಬದಲಾದರೂ ತೂ ಆಜ್ಞೆಯಲ್ಲಿ ಚಿಕ್ಕದಾಗಿಬಿಡುತ್ತವೆ: ಬೆನೀರ್ (ಬಾ) ಹೋಗಿ ಬೇನ್, ತೆನೇರ್ (ಇಟ್ಟುಕೋ) ಹೋಗಿ ತೇನ್, ದೆಸೀರ್ (ಹೇಳು) ಹೋಗಿ ದೀ. ಇವನ್ನು ಬಾಯಿಪಾಠ ಮಾಡಿ, ಬೇರೆ ಉಪಾಯವಿಲ್ಲ.

## ಹಂತ 4: ಉಸ್ತೇದ್ ಮತ್ತು ಉಸ್ತೇದೆಸ್

ಈಗ ಹೊರಡುವ ಜಾಗ ಬೇರೆ. 'ನಾನು' ರೂಪದಿಂದ ಶುರು ಮಾಡಿ. ಈ ಕ್ರಮ ತಪ್ಪಿಸಬೇಡಿ.

1. 'ನಾನು' ರೂಪ ಹೇಳಿ: ಸಿಯೇರ್ರೊ, ಬ್ವೇಲ್ಬೊ, ಪೀದೊ.
2. ಕೊನೆಯ 'ಒ' ತೆಗೆಯಿರಿ.
3. ಮೂಲ ಪದ 'ಆರ್' ಕೊನೆಯದಾದರೆ 'ಎ' ಸೇರಿಸಿ. 'ಏರ್' ಅಥವಾ 'ಈರ್' ಕೊನೆಯದಾದರೆ 'ಅ' ಸೇರಿಸಿ.
4. ಬಹುವಚನಕ್ಕೆ ಕೊನೆಗೆ 'ನ್' ಹಾಕಿ.

ಹೀಗೆ ಸಿಕ್ಕಿದ್ದು: ಸಿಯೇರ್ರೆ, ಸಿಯೇರ್ರೆನ್. ಬ್ವೇಲ್ಬ, ಬ್ವೇಲ್ಬನ್. ದ್ವೇರ್ಮ, ದ್ವೇರ್ಮನ್. ಪೀದ, ಪೀದನ್.

ತೂ ರೂಪದ ಪಕ್ಕ ಇಟ್ಟು ನೋಡಿದರೆ ಕೊನೆಯ ಸ್ವರ ಅದಲುಬದಲಾಗಿದೆ. ಮುಚ್ಚು: ಸಿಯೇರ್ರ, ಮುಚ್ಚಿ: ಸಿಯೇರ್ರೆ. ಬೇಕು ಅಂತ ಕೇಳು: ಪೀದೆ, ಕೇಳಿ: ಪೀದ. ಗಮನ ಪೂರ್ತಿ ಒಡೆಯುವ ಸ್ವರದ ಮೇಲಿರುವುದರಿಂದ ಕೊನೆಯ ಸ್ವರ ಕೈತಪ್ಪಿಹೋಗುತ್ತದೆ. ಆಗ ಮರ್ಯಾದೆ ಕೊಡಬೇಕಾದವರಿಗೆ 'ನೀನು' ಅಂದ ಹಾಗೆ ಆಗುತ್ತದೆ. ನನ್ನ ಅನುಭವದಲ್ಲಿ ಈ ಜೋಡಿಗಳನ್ನು ಒಟ್ಟಿಗೆ ಹೇಳಿ ಅಭ್ಯಾಸ ಮಾಡುವುದೇ ಮದ್ದು: ಸಿಯೇರ್ರ–ಸಿಯೇರ್ರೆ, ಬ್ವೇಲ್ಬೆ–ಬ್ವೇಲ್ಬ, ಪೀದೆ–ಪೀದ. ಬೇರೆ ಬೇರೆ ದಿನ ಕಲಿತರೆ ತಲೆಯಲ್ಲಿ ಕಲಸಿಹೋಗುತ್ತದೆ.

'ನಾನು' ರೂಪದಿಂದ ಹೊರಡುವ ಲಾಭ ಹಂತ 3ರ ಮೂರು ಪದಗಳಲ್ಲಿ ಕಾಣುತ್ತದೆ. ಬೇಂಗೊ, ತೇಂಗೊ, ದೀಗೊ ಗೊತ್ತಿದ್ದರೆ ಬೇಂಗ, ತೇಂಗ, ದೀಗ ತಾನಾಗಿ ಬರುತ್ತವೆ. ಸ್ಪೇನ್‌ನಲ್ಲಿ ಫೋನ್ ಎತ್ತಿದವರು 'ದೀಗ' ಅನ್ನುವುದನ್ನು ಕೇಳಬಹುದು. 'ಹೇಳಿ' ಅಂತ ನಾವು ಅನ್ನುವ ಹಾಗೇ.

## ಹಂತ 5: ಸ್ವರ ಒಡೆಯದ ಕಡೆ

ಮೊದಲ ನಾಲ್ಕು ಹಂತ ಬಾಯಿಗೆ ಕೂತ ಮೇಲೆ ಇಲ್ಲಿಗೆ ಬನ್ನಿ.

ಬೊಸೋತ್ರೊಸ್: ಮೂಲ ಪದದ ಕೊನೆಯ 'ರ್' ತೆಗೆದು 'ದ್' ಹಾಕಿ. ಸೆರ್ರಾದ್, ಕೊಂತಾದ್, ಬೊಲ್ಬೇದ್, ದೊರ್ಮೀದ್, ಪೆದೀದ್. ಒತ್ತು ಕೊನೆಗೆ ಹೋಗಿದೆ, ಸ್ವರ ಉಳಿದಿದೆ. ಸ್ಪೇನ್‌ನಲ್ಲಿ ಮಾತಿನ ಭರದಲ್ಲಿ 'ಸೆರ್ರಾರ್' ಅಂತ ಮೂಲ ಪದವನ್ನೇ ಆಜ್ಞೆಯಾಗಿ ಹೇಳುವುದು ಕಿವಿಗೆ ಬೀಳುತ್ತದೆ. ಬರೆಯುವಾಗ 'ದ್' ರೂಪವನ್ನೇ ಬಳಸಿ.

ಬೋಸ್: 'ರ್' ತೆಗೆದರೆ ಮುಗಿಯಿತು. ಸೆರ್ರಾ, ಕೊಂತಾ, ಬೊಲ್ಬೇ, ದೊರ್ಮೀ, ಪೆದೀ. ಬರೆಯುವಾಗ ಕೊನೆಯ ಸ್ವರದ ಮೇಲೆ ಒತ್ತಿನ ಗೆರೆ ಹಾಕಬೇಕು.

ನೊಸೋತ್ರೊಸ್: ಇಲ್ಲಿ ಸ್ವಲ್ಪ ನಿಧಾನಿಸಿ. 'ಆರ್', 'ಏರ್' ಪದಗಳಲ್ಲಿ ಸ್ವರ ಹಾಗೇ ಇರುತ್ತದೆ: ಸೆರ್ರೇಮೊಸ್ (ಮುಚ್ಚೋಣ), ಬೊಲ್ಬಾಮೊಸ್ (ವಾಪಸ್ ಹೋಗೋಣ). ಆದರೆ ಸ್ವರ ಬದಲಾಗುವ 'ಈರ್' ಪದಗಳು ಒತ್ತಿನ ಮಾತು ಪೂರ್ತಿ ಕೇಳುವುದಿಲ್ಲ. ಒತ್ತು ಮುಂದೆ ಹೋದರೂ ಧಾತುವಿನ ಎ ಜಾರಿ ಇ ಆಗುತ್ತದೆ, ಒ ಜಾರಿ ಉ ಆಗುತ್ತದೆ: ಪಿದಾಮೊಸ್, ಸಿರ್ಬಾಮೊಸ್, ದುರ್ಮಾಮೊಸ್. ನಾನು ಹೇಳಿದ ಒತ್ತಿನ ನಿಯಮಕ್ಕೆ ಇದೊಂದು ಹೊರತು.

ಮಾತಿನಲ್ಲಿ 'ಮಾಡೋಣ' ಅನ್ನಲು 'ಬಾಮೊಸ್ ಅ' ಅಂತ ಹೇಳಿ ಮೂಲ ಪದ ಇಡುವುದೇ ಜಾಸ್ತಿ ಬಳಕೆ: ಬಾಮೊಸ್ ಅ ಸೆರ್ರಾರ್, ಬಾಮೊಸ್ ಅ ಪೆದೀರ್. ಅನುಮಾನ ಬಂದರೆ ಇದನ್ನೇ ಬಳಸಿ. ಇದರಲ್ಲಿ ಸ್ವರ ಒಡೆಯುವ ಪ್ರಶ್ನೆಯೇ ಇಲ್ಲ.

## ಹಂತ 6: ಬರೆಯುವಾಗ ಅಕ್ಷರ ಸರಿ ಮಾಡಿ

ಉಸ್ತೇದ್ ರೂಪದಲ್ಲಿ ಕೊನೆಯ ಸ್ವರ ಅದಲುಬದಲಾಗುತ್ತದಲ್ಲ, ಆಗ ಹಿಂದಿನ ವ್ಯಂಜನದ ಓದು ಕೆಡಬಹುದು. ದನಿ ಉಳಿಸಲು ಅಕ್ಷರ ಬದಲಿಸುತ್ತಾರೆ.

ಹುಗಾರ್‌ನಿಂದ ಹ್ವೇಗೆ, ಕೊಲ್ಗಾರ್‌ನಿಂದ (ನೇತು ಹಾಕು, ಫೋನ್ ಇಡು) ಕ್ವೇಲ್ಗೆ. ಇಲ್ಲಿ ಜಿ ಅಕ್ಷರದ ಮುಂದೆ ನೇರವಾಗಿ ಎ ಬರೆದರೆ ಅದು 'ಹೆ' ಅಂತ ಓದಿಸಿಕೊಳ್ಳುತ್ತದೆ. ಅದಕ್ಕೆ ನಡುವೆ ಯು ಅಕ್ಷರ ಹಾಕಬೇಕು. ಸೆಗೀರ್‌ನಲ್ಲಿ ಇದರ ಉಲ್ಟಾ. ಸೀಗೆಯಲ್ಲಿ ಯು ಇದೆ, ಸೀಗದಲ್ಲಿ ತೆಗೆಯಬೇಕು. ಬಿಟ್ಟರೆ 'ಸೀಗ್ವ' ಅಂತ ಓದುತ್ತಾರೆ.

ಎಂಪೆಸಾರ್‌ನಲ್ಲಿ ಝೆಡ್ ಇದೆ. ಎಂಪಿಯೇಸೆ ಬರೆಯುವಾಗ ಅದು ಸಿ ಆಗುತ್ತದೆ. ಎಲೆಹೀರ್‌ನ (ಆರಿಸು) ಜಿ ಅಕ್ಷರ ಎಲೀಹ ರೂಪದಲ್ಲಿ ಜೆ ಆಗುತ್ತದೆ. ಮಾತಾಡುವುದಷ್ಟೇ ನಿಮಗೆ ಬೇಕಿದ್ದರೆ ಈ ಹಂತದ ಬಗ್ಗೆ ಚಿಂತೆ ಬೇಡ, ದನಿ ಎಲ್ಲೂ ಬದಲಾಗಿಲ್ಲ.

## ಹಂತ 7: ಸರ್ವನಾಮ ಅಂಟಿಸಿ

'ಅದನ್ನು ಮುಚ್ಚು', 'ನನಗೆ ಹೇಳು', 'ಕೂತುಕೋ'. ನಿಜ ಮಾತಿನಲ್ಲಿ ಆಜ್ಞೆ ಒಂಟಿಯಾಗಿ ಬರುವುದು ಕಡಿಮೆ. ಮಾಡು ಅನ್ನುವ ಆಜ್ಞೆಯಲ್ಲಿ ಸರ್ವನಾಮ ಕ್ರಿಯಾಪದದ ಬಾಲಕ್ಕೆ ಅಂಟುತ್ತದೆ, ನಡುವೆ ಜಾಗ ಬಿಡುವ ಹಾಗಿಲ್ಲ.

ಸಿಯೇರ್ರಲ (ಅದನ್ನು ಮುಚ್ಚು), ಕ್ವೇಂತಮೆ (ನನಗೆ ಹೇಳು), ಪೀದೆಲೊ (ಅದನ್ನು ಬೇಕು ಅಂತ ಕೇಳು). ಎರಡು ಸರ್ವನಾಮ ಬಂದರೆ ಯಾರಿಗೆ ಅನ್ನುವುದು ಮೊದಲು, ಏನನ್ನು ಅನ್ನುವುದು ಆಮೇಲೆ: ಮ್ವೇಸ್ತ್ರಮೆಲೊ (ನನಗೆ ಅದನ್ನು ತೋರಿಸು). 'ಅವನಿಗೆ ಅದನ್ನು' ಅನ್ನುವಾಗ 'ಲೆ ಲೊ' ಒಟ್ಟಿಗೆ ಬರುವುದಿಲ್ಲ, 'ಸೆ ಲೊ' ಆಗುತ್ತದೆ: ಪೀದೆಸೆಲೊ.

ಬಾಲ ಎಷ್ಟು ಉದ್ದವಾದರೂ ಒತ್ತು ಮೊದಲಿನ ಜಾಗ ಬಿಡುವುದಿಲ್ಲ. ಅದನ್ನು ತೋರಿಸಲು ತೀಲ್ದೆ, ಅಂದರೆ ಸ್ವರದ ತಲೆಯ ಮೇಲೆ ಬಲಕ್ಕೆ ವಾಲಿದ ಸಣ್ಣ ಗೆರೆ, ಹಾಕುತ್ತಾರೆ. ಒತ್ತು ಕೊನೆಯಿಂದ ಮೂರನೆಯ ಅಥವಾ ಅದಕ್ಕಿಂತ ಹಿಂದಿನ ಉಚ್ಚಾರಾಂಶಕ್ಕೆ ಹೋದರೆ ಗೆರೆ ಬೇಕೇ ಬೇಕು. ಇಯೆ, ಉಎ ಜೋಡಿಯಲ್ಲಿ ಅದು ಯಾವಾಗಲೂ ಎ ಮೇಲೆ ಕೂರುತ್ತದೆ. ಪೀದೆಲೊ ತರದ ಪದದಲ್ಲಿ ಇ ಮೇಲೆ.

ಈಗ ಸೆಂತಾರ್ಸೆ (ಕೂತುಕೋ) ಪೂರ್ತಿ ನೋಡೋಣ. ಇದೊಂದು ಬಂದರೆ ಅರ್ಧ ಕೆಲಸ ಆದ ಹಾಗೆ.

- ತೂ: ಸಿಯೇಂತತೆ
- ಉಸ್ತೇದ್: ಸಿಯೇಂತೆಸೆ
- ಉಸ್ತೇದೆಸ್: ಸಿಯೇಂತೆನ್ಸೆ
- ಬೊಸೋತ್ರೊಸ್: ಸೆಂತಾಒಸ್ ('ದ್' ಬಿದ್ದುಹೋಗುತ್ತದೆ)
- ಬೋಸ್: ಸೆಂತಾತೆ (ಗೆರೆ ಬೇಡ)
- ನೊಸೋತ್ರೊಸ್: ಸೆಂತೇಮೊನೊಸ್ (ನಡುವಿನ 'ಸ್' ಬಿದ್ದುಹೋಗುತ್ತದೆ)

ಬಹುವಚನದ 'ನ್' ಕ್ರಿಯಾಪದಕ್ಕೆ ಸೇರಿದ್ದು, ಪದದ ಕೊನೆಗಲ್ಲ. 'ಸಿಯೇಂತೆಸೆನ್' ಅಂತ ಕೇಳಿಸಿದರೂ ಕಲಿಯಬೇಡಿ.

ಇದರ ಪಕ್ಕದಲ್ಲೇ ಒಂದು ಗುಂಡಿ ಇದೆ. ಸೆಂತೀರ್ಸೆ ಅಂದರೆ ಮನಸ್ಸಿಗೆ ಅನ್ನಿಸುವುದು. ಅದರ ತೂ ರೂಪ ಸಿಯೇಂತೆತೆ. 'ಕೂತುಕೋ' ಅನ್ನುವುದು ಸಿಯೇಂತತೆ. ಉಸ್ತೇದ್‌ಗೆ ಬಂದರೆ ಸಿಯೇಂತೆಸೆ ಅಂದರೆ ಕೂತುಕೊಳ್ಳಿ, ಸಿಯೇಂತಸೆ ಸೆಂತೀರ್ಸೆಯ ರೂಪ. ಒಂದು ಸ್ವರದ ವ್ಯತ್ಯಾಸ ಅಷ್ಟೇ. ಹಂತ 4ರ ಅದಲುಬದಲು ಗಟ್ಟಿಯಾಗಿದ್ದರೆ ಇಲ್ಲಿ ಬೀಳುವುದಿಲ್ಲ.

## ಹಂತ 8: ಮಾತಿನಲ್ಲಿ ಬಳಸಿ

ಮೊದಲ ದಿನದಿಂದಲೇ ಉಪಯೋಗಕ್ಕೆ ಬರುವುದು 'ರೆಪೀತ, ಪೊರ್ ಫಬೋರ್' (ದಯವಿಟ್ಟು ಇನ್ನೊಮ್ಮೆ ಹೇಳಿ). ದಾರಿ ಕೇಳಿದಾಗ ಕಿವಿಗೆ ಬೀಳುವುದು 'ಸೀಗ' (ಮುಂದೆ ಹೋಗಿ). ಕೊಲಂಬಿಯಾದಲ್ಲಿ ಬಾಗಿಲಲ್ಲಿ ನಿಂತವರಿಗೆ 'ಸೀಗ' ಅಂದರೆ 'ಒಳಗೆ ಬನ್ನಿ' ಅಂತ ಅರ್ಥ. ಗೆಳೆಯರ ಜೊತೆ 'ಕ್ವೇಂತಮೆ' ಅಂದರೆ ಅದರಲ್ಲಿ ಅಧಿಕಾರದ ದನಿ ಇಲ್ಲ, 'ಹೇಳಪ್ಪ, ಏನಾಯ್ತು' ಅನ್ನುವ ಆಪ್ತತೆ ಇದೆ. ಬೊಲ್ಬೇರ್ ಜೊತೆ 'ಅ' ಮತ್ತು ಮೂಲ ಪದ ಸೇರಿಸಿದರೆ 'ಮತ್ತೆ ಮಾಡು' ಆಗುತ್ತದೆ: 'ಬ್ವೇಲ್ಬೆ ಅ ಎಂಪೆಸಾರ್' ಅಂದರೆ ಮತ್ತೆ ಶುರು ಮಾಡು.

ಆಜ್ಞೆ ಗಡಸು ಅನ್ನಿಸಿದರೆ ಪ್ರಶ್ನೆ ಮಾಡಿ: 'ಸಿಯೇರ್ರಸ್ ಲ ಪ್ವೇರ್ತ?' (ಬಾಗಿಲು ಮುಚ್ಚುತ್ತೀಯಾ?). ಹಂತ 3ರಲ್ಲಿ ಬೇಡ ಅಂದ 'ಸ್' ರೂಪಕ್ಕೆ ಇಲ್ಲಿ ಜಾಗ ಇದೆ.

ಪದದ ಆಯ್ಕೆಯಲ್ಲೂ ಹುಷಾರು. ಕನ್ನಡದ 'ಕೇಳು' ಬಹಳ ಕೆಲಸ ಮಾಡುತ್ತದೆ. ಏನಾದರೂ ಬೇಕು ಅಂತ ಕೇಳುವುದು ಪೆದೀರ್. ಪ್ರಶ್ನೆ ಕೇಳುವುದು ಪ್ರೆಗುಂತಾರ್. ಕಿವಿಗೊಟ್ಟು ಕೇಳುವುದು ಎಸ್ಕುಚಾರ್. ಸಮಯ ಎಷ್ಟು ಅಂತ ಕೇಳು ಅನ್ನಲು 'ಪೀದೆ' ಅಂದರೆ ಅರ್ಥವೇ ಬೇರೆಯಾಗುತ್ತದೆ. ಕೊನೆಯ ಎರಡೂ ಸ್ವರ ಒಡೆಯದ ಪದಗಳು: ಪ್ರೆಗೂಂತ, ಎಸ್ಕೂಚ.

ತೂ, ಉಸ್ತೇದ್ ಆಯ್ಕೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಸ್ಪೇನ್‌ನಲ್ಲಿ ತೂ ಬಳಕೆ ತುಂಬಾ ಅಗಲ. ಕೊಲಂಬಿಯಾದ ಕೆಲವು ಕಡೆ ಮನೆಯವರ ನಡುವೆಯೂ ಉಸ್ತೇದ್ ನಡೆಯುತ್ತದೆ. ಗೊತ್ತಿಲ್ಲದ ಜಾಗದಲ್ಲಿ ಉಸ್ತೇದ್‌ನಿಂದ ಶುರು ಮಾಡಿ, ಎದುರಿನವರು ತೂ ಅಂದ ಮೇಲೆ ಇಳಿಯಿರಿ.

## ದಾರಿ ತಪ್ಪಿದ್ದೀರಿ ಅನ್ನುವ ಗುರುತುಗಳು

ರೆಕಾರ್ಡ್ ಮಾಡಿದ್ದನ್ನು ಕೇಳುವಾಗ ಇವನ್ನು ಹುಡುಕಿ.

- ಒತ್ತು ಕೊನೆಯಲ್ಲಿದೆ, ಆದರೂ ಇಯೆ ಅಥವಾ ಉಎ ಕೇಳಿಸುತ್ತಿದೆ ('ಕ್ವೆಂತಾದ್'). ಸ್ವರ ವಾಪಸ್ ಹಾಕಿ: ಕೊಂತಾದ್.
- ಪೆದೀರ್, ಸೆರ್ಬೀರ್‌ನಲ್ಲಿ 'ಪಿಯೇದೆ', 'ಸಿಯೇರ್ಬೆ' ಬರುತ್ತಿದೆ. ಗುಂಪು ಕಲಸಿದೆ, ಹಂತ 1ಕ್ಕೆ ಹೋಗಿ.
- 'ಸಿಯೆರ್ರಾಲ' ಅಂತ ಒತ್ತು ಮುಂದೆ ಜಾರಿದೆ. ಸರ್ವನಾಮ ತೆಗೆದು ಸಿಯೇರ್ರ ಅಂತ ಹತ್ತು ಸಲ ಹೇಳಿ, ಆಮೇಲೆ ಬಾಲ ಅಂಟಿಸಿ.
- 'ಬೇಡ' ಅನ್ನಲು ಮುಂದೆ 'ನೊ' ಇಟ್ಟು ಇದೇ ತೂ ರೂಪ ಹೇಳುತ್ತಿದ್ದೀರಿ. ನಿಷೇಧಕ್ಕೆ ರೂಪ ಬೇರೆ: 'ನೊ ಸಿಯೇರ್ರೆಸ್' (ಮುಚ್ಚಬೇಡ). ಅಲ್ಲಿ ಸರ್ವನಾಮವೂ ಕ್ರಿಯಾಪದದ ಮುಂದೆ ಬಂದು ನಿಲ್ಲುತ್ತದೆ. ಇದು ಗಟ್ಟಿಯಾಗುವ ತನಕ ಅದನ್ನು ಬೆರೆಸಬೇಡಿ.

## ನೀವೇ ಪರೀಕ್ಷೆ ಮಾಡಿಕೊಳ್ಳಿ

ಕೆಳಗಿನ ಐದನ್ನು ಉತ್ತರ ಮುಚ್ಚಿಕೊಂಡು ಜೋರಾಗಿ ಹೇಳಿ, ರೆಕಾರ್ಡ್ ಮಾಡಿ, ಆಮೇಲೆ ಹೋಲಿಸಿ.

1. ಒಬ್ಬ ಗೆಳತಿಗೆ: ವಾಪಸ್ ಬಾ.
2. ಒಬ್ಬ ಹಿರಿಯರಿಗೆ: ಶುರು ಮಾಡಿ.
3. ಸ್ಪೇನ್‌ನಲ್ಲಿ ಗೆಳೆಯರ ಗುಂಪಿಗೆ: ಮಲಗಿ.
4. ಒಬ್ಬ ಹಿರಿಯರಿಗೆ: ನನಗೆ ಅದನ್ನು ತೋರಿಸಿ.
5. ಅರ್ಜೆಂಟೀನಾದ ಗೆಳೆಯನಿಗೆ: ನನಗೆ ಹೇಳು (ಕೊಂತಾರ್ ಬಳಸಿ).

ಉತ್ತರ: 1. ಬ್ವೇಲ್ಬೆ. 2. ಎಂಪಿಯೇಸೆ. 3. ದೊರ್ಮೀದ್. 4. ಮ್ವೇಸ್ತ್ರೆಮೆಲೊ. 5. ಕೊಂತಾಮೆ. ನಾಲ್ಕನೆಯದರಲ್ಲಿ 'ಮ್ವೇಸ್ತ್ರಮೆಲೊ' ಅಂದಿದ್ದರೆ ಹಂತ 4ರ ಜೋಡಿಗಳನ್ನು ಇನ್ನೊಂದು ವಾರ ಹೇಳಿ. ಐದನೆಯದರಲ್ಲಿ 'ಕ್ವೇಂತಮೆ' ಬಂದಿದ್ದರೆ ಗಾಬರಿ ಬೇಡ, ಅಲ್ಲಿಯವರಿಗೆ ಅರ್ಥವಾಗುತ್ತದೆ. ಅದು ತೂ ರೂಪ, ಅಷ್ಟೇ.